ತಾರಸಿಯ ಮೇಲಿನ ಬೇಗಂ

ಶಿವಾಜಿನಗರದ ಓವೈಸನಿಗೆ ಪಾರಿವಾಳಗಳೆಂದರೆ ಪ್ರಾಣ. ಗೂಡಿಗೆ ಬೆಕ್ಕಿನ ಕಾಟ ಶುರುವಾದ ಮೇಲೆ ತಾರಸಿಯಲ್ಲಿ ಕ್ಯಾಮೆರಾ ಹಾಕಿಸಿದ. ಅದರ ಚಿತ್ರ, ಫೋನು ಮನೆಯ ವೈಫೈನಲ್ಲಿದ್ದಾಗ ಮಾತ್ರ ಕಾಣುತ್ತಿತ್ತು. ಅವನ ಕೆಲಸವೋ ಕೆ.ಆರ್. ಪುರದ ಗೋದಾಮಿನಲ್ಲಿ.

ಗೋದಾಮಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಶ್ರೀನಾಥ್, "ಮನೆ ರೌಟರಲ್ಲಿ ವಿಪಿಎನ್ ಹಾಕ್ಕೋ ಗುರು. ಫೋನ್ ಎಲ್ಲೇ ಇರ್ಲಿ, ಮನೇಲೇ ಇದ್ದಂಗೆ" ಎಂದ. ಭಾನುವಾರ ತಾನೇ ಬಂದು ಹಾಕಿಕೊಟ್ಟ. ಮರುದಿನ ಗೋದಾಮಿನ ವೈಫೈನಲ್ಲಿ ಫೋನು ತೆರೆದರೆ ವಿಪಿಎನ್ ಕನೆಕ್ಟ್ ಆಯಿತು, ಚಿತ್ರ ಬರಲಿಲ್ಲ. ಮನೆ, ಗೋದಾಮು ಎರಡೂ ಕಡೆಯ ನೆಟ್‌ವರ್ಕಿಗೆ ಒಂದೇ ಸಾಲಿನ ಐಪಿ ವಿಳಾಸದ ನಂಬರುಗಳಿದ್ದವು. ಫೋನು ಕ್ಯಾಮೆರಾವನ್ನು ಗೋದಾಮಿನಲ್ಲೇ ಹುಡುಕುತ್ತಿತ್ತು. ಸಂಜೆ ಶ್ರೀನಾಥ್ ಬಂದು ಮನೆಯ ನಂಬರುಗಳನ್ನು ಬದಲಿಸಿದ ಮೇಲೆ ಸರಿಹೋಯಿತು.

ಮಾರನೆಯ ದಿನ ಊಟದ ಹೊತ್ತಿಗೆ ಫೋನಿನಲ್ಲಿ ತಾರಸಿ ಕಂಡಿತು. ಹೆಂಡತಿ ಮೆಹ್ವಿಶ್ ಅಲ್ಲಿ ಕೂತಿದ್ದಳು. ಅವಳ ಮಣಿಕಟ್ಟಿನ ಮೇಲೆ ಬೇಗಂ! ಆ ಬಿಳಿ ಪಾರಿವಾಳವನ್ನು ಓವೈಸ್ ಮರಿಯಿಂದ ಸಾಕಿದ್ದ. ಒಮ್ಮೆಯೂ ಅದು ಅವನ ಕೈಗೆ ಬಂದಿರಲಿಲ್ಲ. ಮೆಹ್ವಿಶ್ ಅದಕ್ಕೇನೋ ಹೇಳಿ ನಕ್ಕಳು. ತನ್ನೆದುರು ಅವಳು ಹಾಗೆ ನಕ್ಕಿದ್ದು ಯಾವಾಗ? ಅವನಿಗೆ ಹೊಟ್ಟೆ ಉರಿಯಿತು. ಹಕ್ಕಿಯ ಮೇಲೋ, ಹೆಂಡತಿಯ ಮೇಲೋ, ಅವನಿಗೇ ತಿಳಿಯಲಿಲ್ಲ.

"ತಾರಸಿಗೆ ಹೋಗಿದ್ಯಾ?" ಎಂದು ಸಂಜೆ ಕೇಳಿದ.

"ನಾನ್ಯಾಕೆ ಹೋಗ್ಲಿ? ಬರೀ ವಾಸನೆ ಅಲ್ಲಿ."

ಆ ಸುಳ್ಳು ಅವನನ್ನು ಇನ್ನಷ್ಟು ಸುಟ್ಟಿತು. ಮರುದಿನ ಮತ್ತೆ ಅದೇ ನೋಟ. ತಡೆಯಲಾರದೆ ಕ್ಯಾಮೆರಾದ ಸ್ಪೀಕರಿನಲ್ಲಿ ಕೂಗಿಬಿಟ್ಟ: "ಬೇಗಂ! ಬಾ ಇಲ್ಲಿ!"

ಬೇಗಂ ಬೆದರಿ ಹಾರಿಹೋಯಿತು. ಮೆಹ್ವಿಶ್ ಕ್ಯಾಮೆರಾವನ್ನೇ ದಿಟ್ಟಿಸಿ ನೋಡಿ, ಫೋನ್ ಮಾಡಿದಳು.

"ಅಜೀ, ಕಳ್ಳನ ಥರಾ ನೋಡ್ತಿದ್ರಾ?"

"ಸುಳ್ಳು ಹೇಳಿದ್ದು ನೀನು."

"ಮುಟ್ಬೇಡ ಅಂದಿದ್ದು ಯಾರು? ನೀವು ಬೈತೀರಿ ಅಂತ ಹೇಳ್ಲಿಲ್ಲ. ಹಕ್ಕಿ ಹೋಯ್ತು, ಈಗ ಖುಷಿನಾ?"

ಓವೈಸ್ ಕೆಲಸ ಬಿಟ್ಟು ಓಡಿಬಂದ. ಇಬ್ಬರೂ ತಾರಸಿಯ ಮೇಲೆ ಆಕಾಶ ನೋಡುತ್ತ ನಿಂತರು. ಹೊತ್ತು ಇಳಿಯುವಾಗ ಬೇಗಂ ಬಂದು ನೀರಿನ ಟ್ಯಾಂಕಿನ ಮೇಲೆ ಕೂತಿತು. ಮೆಹ್ವಿಶ್ ಕೈ ಹಿಂದೆ ಕಟ್ಟಿಕೊಂಡು, "ನೀವೇ ಕರೀರಿ" ಎಂದಳು.

ಅವನು ಅಂಗೈಯಲ್ಲಿ ಸಜ್ಜೆ ಕಾಳು ಹಿಡಿದು ಎಷ್ಟು ಮೆತ್ತಗೆ ಕರೆದನೆಂದರೆ ಅವಳಿಗೂ ಅಯ್ಯೋ ಅನ್ನಿಸಿತು. ಬೇಗಂ ಇಳಿದು ನೇರವಾಗಿ ಅವಳ ಭುಜ ಸೇರಿತು.

ಅಂದೇ ಅವನು ಸ್ಪೀಕರನ್ನು ಬಂದ್ ಮಾಡಿದ. ಆದರೆ ಮೆಹ್ವಿಶ್, "ಹಲಸೂರಿಗೆ ಅಮ್ಮನ ಮನೆಗೆ ಹೋದಾಗ ಬೇಗಂನ ನೋಡ್ಬೇಕು, ನನ್ ಫೋನಿಗೂ ವಿಪಿಎನ್ ಹಾಕ್ಕೊಡಿ" ಎಂದಾಗ, "ಶ್ರೀನಾಥನ್ನ ಕೇಳ್ತೀನಿ" ಎಂದ.

ಇನ್ನೂ ಕೇಳಿಲ್ಲ.