ಅಕ್ಕನ ಬಾಟಲಿಗಳಿಗೆ ಬಿದ್ದ ಸುಂಕ

ಬೆಳಿಗ್ಗೆ ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದ ಮೇಲೆ, ಸೀಟು ಸಿಕ್ಕರೂ ಸಿಗದಿದ್ದರೂ, ನಾನು ಮೊದಲು ಮಾಡುತ್ತಿದ್ದ ಕೆಲಸ ಅಕ್ಕನಿಗೆ ಫೋನು. ಅಕ್ಕ ಇರುವುದು ಬೆಸಗರಹಳ್ಳಿಯಲ್ಲಿ. ನಾನು ಮದ್ದೂರಿನಲ್ಲಿ ಮನೆ ಮಾಡಿಕೊಂಡು ಮಳವಳ್ಳಿಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವನು. ಊಟ ಆಯಿತಾ, ಮಳೆ ಬಂತಾ ಎಂದು ಸುತ್ತಿ ಬಳಸಿ ಮಾತಾಡುವ ತಾಳ್ಮೆ ನನಗಿಲ್ಲ. "ಅಕ್ಕಾ, ಸರಳು?" ಎಂದು ಕೇಳುತ್ತಿದ್ದೆ. "ನೆಟ್ಗವೆ ಕಣಪ್ಪ" ಎನ್ನುತ್ತಿದ್ದಳು. ಅಷ್ಟು ಕೇಳಿದ ಮೇಲೆಯೇ ಟಿಕೆಟ್ಟಿಗೆಂದು ಜೇಬಿಗೆ ಕೈ ಹಾಕುತ್ತಿದ್ದೆ.

ಸರಳು ಎಂದರೆ ಅಕ್ಕನ ಮನೆಯ ಜಗಲಿಯ ಕಿಟಕಿಯ ಕಬ್ಬಿಣದ ಸರಳು. ಅವಳ ಎರಡೂ ಕಣ್ಣುಗಳ ನಡುಭಾಗ ಸವೆಯುತ್ತಿದೆ ಎಂದು ಮಂಡ್ಯದ ಕಣ್ಣಿನ ಡಾಕ್ಟರು ಹೇಳಿದ್ದರು. ಇದು ವಾಸಿಯಾಗುವುದಿಲ್ಲ, ಒಂದು ಬಗೆಯ ವಿಟಮಿನ್ ಮಾತ್ರೆ ತಪ್ಪದೆ ನುಂಗಿದರೆ ಸವೆತ ನಿಧಾನವಾಗಬಹುದು ಎಂದಿದ್ದರು. ಚೌಕಳಿ ಗೆರೆ ಎಳೆದ ಒಂದು ಕಾಗದ ಕೊಟ್ಟು, ದಿನಾ ಒಂದೊಂದೇ ಕಣ್ಣು ಮುಚ್ಚಿಕೊಂಡು ಇದನ್ನು ನೋಡಿ, ಗೆರೆ ಸೊಟ್ಟಗೆ ಕಂಡ ದಿನ ಬೇರೆ ಎಲ್ಲ ಕೆಲಸ ಬಿಟ್ಟು ಓಡಿ ಬನ್ನಿ ಎಂದಿದ್ದರು. ಅಕ್ಕ ಆ ಕಾಗದವನ್ನು ಮನೆಗೆ ತಂದು ಎಲ್ಲೋ ಮಡಿಚಿಟ್ಟಳು. ನಮ್ಮ ಕಿಟಕಿ ಇರುವಾಗ ಕಾಗದ ಯಾಕೆ ಎಂಬುದು ಅವಳ ವಾದ. ಲೆಕ್ಕದ ಮೇಷ್ಟ್ರಾದ ನನಗೂ ಆ ವಾದದಲ್ಲಿ ತಪ್ಪು ಕಾಣಲಿಲ್ಲ.

ಅವಳಿಗೆ ಕಣ್ಣೆಂದರೆ ಬರೀ ಕಣ್ಣಲ್ಲ. ಮದುವೆಯಾಗಿ ಆ ಊರಿಗೆ ಹೋದಾಗಿನಿಂದ ಅದೇ ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದವಳು. ಭಾವ ಬೆಳಗಾದರೆ ಗದ್ದೆಗೆ ಹೋಗುವವರು, ಸಂಜೆಯಾದರೆ ಹೋಟೆಲಿನ ಮುಂದೆ ಕೂರುವವರು. ಅಕ್ಕನ ಲೋಕವೆಲ್ಲ ಆ ಜಗಲಿ. ಅಳತೆ ಕೊಡಲು ಬಂದವರು, ಹುಕ್ಕು ಹಾಕಿಸಲು ಬಂದವರು, ಯಾವುದಕ್ಕೂ ಅಲ್ಲದೆ ಸುಮ್ಮನೆ ಎಲೆಯಡಿಕೆ ಹಾಕಿಕೊಳ್ಳಲು ಬಂದವರು ಅಲ್ಲಿ ಯಾವಾಗಲೂ ತುಂಬಿರುತ್ತಿದ್ದರು. ಅವ್ವ ಕೂಲಿಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅಕ್ಕನೇ. ಅವಳ ಕಣ್ಣು ಹೋಗುತ್ತದೆ ಅಂದಾಗಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ.

ಡಾಕ್ಟರು ಬರೆದ ಮಾತ್ರೆ ಮದ್ದೂರಿನ ಮೆಡಿಕಲ್ ಸ್ಟೋರಿನಲ್ಲೇ ಸಿಕ್ಕಿತು. ಆದರೆ ಅದನ್ನು ನುಂಗಿದರೆ ಅಕ್ಕನಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಡಾಕ್ಟರನ್ನು ಕೇಳಿದರೆ, ಅದರಲ್ಲಿ ಸತು ಅಂದರೆ ಜಿಂಕ್ ಜಾಸ್ತಿ, ಕಡಿಮೆ ಇರುವುದು ಸಿಕ್ಕರೆ ಕೊಡಿ ಎಂದರು. ಅಂಥದ್ದು ನನಗೆ ಸಿಕ್ಕಿದ್ದು ಸಮುದ್ರದಾಚೆಯ ಒಂದು ಅಂಗಡಿಯಲ್ಲಿ, ಮೊಬೈಲಿನೊಳಗೆ. ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು ಮೈಕಟ್ಟಿನ ಪ್ರೋಟೀನ್ ಪುಡಿಯನ್ನು ಅಲ್ಲಿಂದಲೇ ತರಿಸಿ ಕುಡಿಯುತ್ತಿದ್ದರು. ಆರ್ಡರ್ ಮಾಡುವುದನ್ನು ಅವರೇ ಕಲಿಸಿಕೊಟ್ಟರು. ಮೊದಲ ಬಾಟಲಿ ಯಾರೂ ಏನೂ ಕೇಳದೆ ನೇರವಾಗಿ ಮನೆ ಬಾಗಿಲಿಗೆ ಬಂತು. ಅಕ್ಕನಿಗೆ ಒಗ್ಗಿತು.

ಒಗ್ಗಿದ್ದೇ ತಡ, ಬಾಟಲಿ ಜಗಲಿಯ ಮೇಲೆ ಕೈಯಿಂದ ಕೈಗೆ ಓಡಾಡಿತು. ಒಬ್ಬಳಿಗೆ ಮಂಡಿನೋವು, ಇನ್ನೊಬ್ಬಳಿಗೆ ಕೂದಲು ಉದುರುವ ಚಿಂತೆ, ಮತ್ತೊಬ್ಬಳಿಗೆ ಮೂಳೆ ಸವೆತ. ಎಲ್ಲರಿಗೂ ಮೇಷ್ಟ್ರು ತರಿಸುವ ಫಾರಿನ್ ಮಾತ್ರೆಯೇ ಆಗಬೇಕು. ಒಬ್ಬಾಕೆ ಯಾರದೋ ಮೊಬೈಲಿನಲ್ಲಿ ನೋಡಿದ ಹಳದಿ ಗುಳಿಗೆ ಕೇಳಿದಳು. ಓದಿ ನೋಡಿದರೆ ಅದರೊಳಗಿರುವುದು ಅರಿಸಿನ. ಅವಳ ಹಿತ್ತಿಲಲ್ಲೇ ಅರಿಸಿನ ಬೆಳೆದಿದೆ. ನಾನು ರೇಗಿದೆ. ಅಕ್ಕ ಮಾತ್ರ, "ಇರ್ಲಿ ಬುಡು, ಎಲ್ರುದ್ನೂ ಒಂದೇ ಸಲಕ್ಕೆ ತರುಸ್ಬುಡು, ಕೊರಿಯರ್ ಖರ್ಚು ಉಳಿತದೆ" ಎಂದಳು. ನಾಟಿ ಹಾಕುವಾಗ ಒಬ್ಬರ ಗದ್ದೆಗೆ ಎಲ್ಲರೂ ಇಳಿಯುವ ಊರು ಅದು, ಮಾತ್ರೆಯನ್ನೂ ಹಾಗೆಯೇ ತರಿಸಿಕೊಳ್ಳಬೇಕು ಅನ್ನಿಸಿದ್ದು ಸಹಜ. ಬೈಯುತ್ತಲೇ ಎಲ್ಲವನ್ನೂ ಒಂದೇ ಡಬ್ಬಕ್ಕೆ ಸೇರಿಸಿ ತರಿಸುವುದು ರೂಢಿಯಾಯಿತು. ಈ ಸಲವೂ ಹಾಗೇ ಆರ್ಡರ್ ಮಾಡಿದೆ.

ಹೊರದೇಶದಿಂದ ತರಿಸುವ ಸಾಮಾನಿಗೆ ತೆರಿಗೆ ಬದಲಾಗಿದೆ, ಸಣ್ಣಪುಟ್ಟ ಪಾರ್ಸಲ್ಲನ್ನೂ ಬಿಡುವುದಿಲ್ಲ ಎಂದು ಪೇಪರಿನಲ್ಲಿ ಬಂದಿತ್ತು. ಓದಿದ್ದೆ. ಅದೆಲ್ಲ ಕಾರು, ವಿಸ್ಕಿ ತರಿಸುವವರ ಗೋಳು ಎಂದುಕೊಂಡು ಪುಟ ತಿರುವಿದ್ದೆ.

ಡಬ್ಬ ಕಸ್ಟಮ್ಸ್‌ನಲ್ಲಿ ನಿಂತಿತು. ಮೊಬೈಲಿನಲ್ಲಿ ಒಂದೇ ಸಾಲು: ತಪಾಸಣೆಯಲ್ಲಿದೆ. ನಿನ್ನೆಯೂ ಅದೇ, ಇವತ್ತೂ ಅದೇ. ಬಸ್ಸಿನಲ್ಲಿ ನೆಟ್‌ವರ್ಕ್ ಹೋಗಿ ಬರುವಷ್ಟರಲ್ಲಿ ಬದಲಾಗಿರಬಹುದು ಎಂದು ಮತ್ತೆ ಒತ್ತುತ್ತಿದ್ದೆ. ಕ್ಲಾಸಿಗೆ ಮೊಬೈಲ್ ತಂದರೆ ಕಿತ್ತುಕೊಳ್ಳುವ ನಾನು ಬೋರ್ಡಿನ ಕಡೆ ತಿರುಗಿ ಎದೆಯ ಹತ್ತಿರ ಹಿಡಿದು ನೋಡುತ್ತಿದ್ದೆ. ಮೊಟ್ಟೆ ಇಡುವ ಕೋಳಿಯ ಹಾಗೆ ಯಾಕೆ ಸುತ್ತುತ್ತೀರಿ ಎಂದು ಹೆಂಡತಿ ಕೇಳಿದಳು. ಅವಳ ಮೇಲೂ ರೇಗಿದೆ. ಅಷ್ಟರಲ್ಲಿ ಅಕ್ಕನ ಹಳೆಯ ಬಾಟಲಿ ಮುಗಿಯುತ್ತಾ ಬಂದಿತ್ತು. ದಿನ ಬಿಟ್ಟು ದಿನ ನುಂಗುತ್ತೇನೆ ಅಂದಳು. ಹಾಗೆ ಮಾಡಬೇಡ ಅಂದೆ. ಮಾಡದೆ ಏನು ಮಾಡಬೇಕು ಎಂದು ನನಗೂ ಗೊತ್ತಿರಲಿಲ್ಲ.

ಕೊರಿಯರಿನವರಿಗೆ ಫೋನು ಮಾಡಿದೆ. ಒಂದು ಒತ್ತಿ, ಮೂರು ಒತ್ತಿ, ಹಾಡು ಕೇಳಿ, ಕೊನೆಗೆ ಕನ್ನಡ ಬರುವ ಒಬ್ಬ ಹುಡುಗಿ ಸಿಕ್ಕಳು. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಂದಿತ್ತ ನಡೆಯುತ್ತಾ ಅವಳ ಹತ್ತಿರ ಮಾತಾಡಿದೆ. ಬಾಟಲಿಗಳು ಜಾಸ್ತಿ ಇವೆ, ವ್ಯಾಪಾರಕ್ಕೆ ತರಿಸಿದ್ದು ಎಂದು ಅನುಮಾನ ಪಟ್ಟಿದ್ದಾರೆ ಅಂದಳು.

"ಇಷ್ಟೂ ಬಾಟ್ಲಿ ನಿಮ್ಮೊಬ್ರಿಗೇನಾ ಸರ್?" ಎಂದು ಕೇಳಿದಳು.

ಹೌದು ಅಂದೆ. ಮಂಡಿಗೂ, ಮೂಳೆಗೂ, ಕಣ್ಣಿಗೂ, ಹೆಂಗಸರ ಕೂದಲಿಗೂ ನಾನೊಬ್ಬನೇ. ಆಮೇಲೆ ಗುರುತಿನ ಚೀಟಿ ಕಳಿಸಿ, ಡಾಕ್ಟರ ಚೀಟಿ ಕಳಿಸಿ ಅಂದಳು. ಕಳಿಸಿದೆ. ಕೊನೆಗೆ ತೆರಿಗೆಯ ಲೆಕ್ಕ ಬಂತು. ತಪ್ಪಿರಬೇಕು ಎಂದು ಎರಡೆರಡು ಸಲ ಕೂಡಿ ನೋಡಿದೆ. ಮಕ್ಕಳಿಗೆ ವರ್ಷವರ್ಷವೂ ಶೇಕಡಾವಾರು ಹೇಳಿಕೊಡುವವನು ನಾನು. ಬೇರೆಯವರ ಲಾಭನಷ್ಟ ಬಿಡಿಸುವುದು ಸುಲಭ.

ಎಲ್ಲರಿಂದಲೂ ಅವರವರ ಪಾಲಿನ ತೆರಿಗೆ ವಸೂಲು ಮಾಡು ಎಂದು ಬೆಳಿಗ್ಗೆ ಬಸ್ಸಿನಿಂದ ಅಕ್ಕನಿಗೆ ಹೇಳಿದೆ. ಫೋನಿನಲ್ಲಿ ಅವಳ ದನಿ ಇದ್ದಕ್ಕಿದ್ದ ಹಾಗೆ ಸಣ್ಣದಾಯಿತು.

"ಅವ್ರಿಗೆ ಟ್ಯಾಕ್ಸು ಗೀಕ್ಸು ಅಂತ ಏಳ್ಬ್ಯಾಡ ಕಣಪ್ಪ. ರೇಟು ಜಾಸ್ತಿ ಆಯ್ತು ಅಂದ್ರೆ ಬುಟ್ಬುಡ್ತಾರೆ."

ಬಿಟ್ಟರೆ ಬಿಡಲಿ, ಪೀಡೆ ತೊಲಗಲಿ ಎಂದು ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ಮತ್ತೆ ಅದನ್ನೇ ಹೇಳಿದಳು. ಇವಳಿಗೇನಾಗಿದೆ, ಊರವರ ಮಂಡಿ ಕೂದಲಿನ ಚಿಂತೆ ಇವಳಿಗ್ಯಾಕೆ ಎಂದು ಮೈಯೆಲ್ಲ ಉರಿಯಿತು. ಹಣ ಕಟ್ಟಿದೆ. ಮಾರನೇ ದಿನವೂ ಸರಳು ಕೇಳಿದೆ. ನೆಟ್ಟಗೇ ಇದ್ದವು.

ಡಬ್ಬ ಮದ್ದೂರಿನ ಮನೆಗೆ ಬಂದದ್ದು ಒಂದು ಶನಿವಾರ. ಒಂದು ಕಡೆ ಹರಿದು ಮತ್ತೆ ಟೇಪು ಸುತ್ತಿದ್ದರು. ಭಾನುವಾರ ಬೆಳಿಗ್ಗೆಯೇ ಅದನ್ನು ಕಂಕುಳಲ್ಲಿಟ್ಟುಕೊಂಡು ಬೆಸಗರಹಳ್ಳಿ ಬಸ್ಸು ಹತ್ತಿದೆ. ಎಲ್ಲರನ್ನೂ ಸೇರಿಸಿ ನಾಲ್ಕು ಮಾತು ಆಡಿಯೇ ಬರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಜಗಲಿ ತುಂಬಿತ್ತು. ಮಿಷನ್ನಿನ ಮೇಲೆ ಮರದ ಮುಚ್ಚಳ, ಅದರ ಮೇಲೆ ನೀರಿನ ಚೊಂಬು. ಈಗೆಲ್ಲ ರವಿಕೆ ಹೊಲಿಸಲು ಮದ್ದೂರಿಗೇ ಹೋಗುತ್ತಾರೆ ಎಂದು ಅಕ್ಕ ಹಿಂದೆಯೇ ಹೇಳಿದ್ದಳು, ನಾನು ನಂಬಿದ್ದೆ. ಅಕ್ಕ ಡಬ್ಬವನ್ನು ತನ್ನ ಮುಂದೆ ಎಳೆದುಕೊಂಡಳು. ಒಂದೊಂದೇ ಬಾಟಲಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಇದು ನಿಂದು, ಇದು ನಿಂದು ಎಂದು ಹಂಚತೊಡಗಿದಳು. ತಮಾಷೆಗೆ ಹಾಗೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮಂಡಿಯದರ ಮೇಲೆ ದೊಡ್ಡದಾಗಿ ಮಂಡಿಯ ಚಿತ್ರವಿತ್ತು, ಕೂದಲಿನದರ ಮೇಲೆ ಕೂದಲು ಬಿಟ್ಟುಕೊಂಡ ಹೆಂಗಸಿನ ಚಿತ್ರ. ಅಕ್ಷರ ಬಾರದವರೂ ಗುರುತು ಹಿಡಿಯಬಹುದು. ಅಕ್ಕ ಮಂಡಿಯದನ್ನು ಕೂದಲಿನವಳಿಗೆ ಕೊಟ್ಟಳು, ಕೂದಲಿನದನ್ನು ಮಂಡಿನೋವಿನವಳಿಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗಿನ ಮರೆಯಲ್ಲಿ ಬಾಟಲಿ ಬದಲಾಯಿಸಿಕೊಂಡರು. ಅವರ ಕೈಗೆ ಅದು ಹೊಸದಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಊರಿಗೆಲ್ಲ ತಿಳಿದದ್ದು ನನಗೊಬ್ಬನಿಗೆ ತಿಳಿದಿರಲಿಲ್ಲ. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

ಅವರೆಲ್ಲ ಹೋದ ಮೇಲೆ ಯಾವತ್ತಿನಿಂದ ಎಂದು ಕೇಳಿದೆ. ಗೌರಿ ಹಬ್ಬದಿಂದ ಅಂದಳು. ದಿನಾ ಬೆಳಿಗ್ಗೆ ಕೇಳುತ್ತಿದ್ದೆನಲ್ಲ, ನೆಟ್ಟಗಿವೆ ಎಂದು ಯಾಕೆ ಹೇಳಿದೆ ಎಂದು ಕೇಳಿದೆ.

"ಎಡಗಣ್ಣು ಮುಚ್ಕಂಡ್ ನೋಡುದ್ರೆ ಮಬ್ಬಾಗವೆ, ಆದ್ರೂ ನೆಟ್ಗೇ ಅವೆ. ನಾನೇನ್ ಸುಳ್ಳೇಳ್ಲಿಲ್ಲ ಕಣ್ಲಾ" ಅಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಓಡಿ ಬನ್ನಿ ಎಂದು ಡಾಕ್ಟರು ಹೇಳಿರಲಿಲ್ಲವೇ ಎಂದು ಅರಚಿದೆ. ಎದ್ದು ಅಂಗಳಕ್ಕೆ ಹೋದೆ, ಮತ್ತೆ ಬಂದೆ. ಅಕ್ಕ ನಾನು ಸುತ್ತುವುದು ಮುಗಿಯಲಿ ಎಂದು ಕಾದಳು. ನಿನಗೆ ಹೇಳಿದರೆ ನೀನು ಅನ್ನ ನೀರು ಬಿಡುತ್ತಿದ್ದೆ ಅಂದಳು. ಆಮೇಲೆ ಮಿಷನ್ನಿನ ಮುಚ್ಚಳದ ಮೇಲೆ ಕೈಯಾಡಿಸುತ್ತಾ ಹೇಳಿದಳು.

"ಒಲಿಯಕಾಗಕಿಲ್ಲ ಅಂದ್ಮೇಲೆ ಈ ಜಗ್ಲಿಗೆ ಯಾರ್ಲಾ ಬತ್ತಾರೆ? ನಿನ್ ಬಾಟ್ಲಿ ಬರಗಂಟ ಬತ್ತಾರೆ. ನನ್ ಮಾತ್ರೆ ನಿಲ್ಸ್ಬುಡು. ಆ ದುಡ್ನ ಅವ್ರ ಟ್ಯಾಕ್ಸ್‌ಗೆ ಆಕು."

ನಾನು ಮಿಷನ್ನಿನ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ, ಹಾಡುಹಗಲಿನಲ್ಲಿ. ಅವಳು ಒಳಗೆ ಹೋಗಿ ಮಜ್ಜಿಗೆ ತಂದಳು. ಲೋಟ ನನ್ನ ಕೈಗೆ ಕೊಡುವಾಗ ಅವಳ ಕೈ ನನ್ನ ಕೈಯನ್ನು ಒಂದು ಗೇಣು ಆಚೆ ಹುಡುಕಿತು. ನಾನೇ ಮುಂದೆ ಬಾಗಿ ತೆಗೆದುಕೊಂಡೆ.

ಮಾರನೇ ದಿನ ಸ್ಕೂಲಿಗೆ ರಜೆ ಹಾಕಿ ಮಂಡ್ಯಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅವಳನ್ನು ಬಿಟ್ಟು ನನ್ನನ್ನೇ ಬೈದರು. ಎಡಗಣ್ಣಿಗೆ ಇಂಜೆಕ್ಷನ್ ಶುರು ಮಾಡಿದರು. ಹೋದ ದೃಷ್ಟಿ ಬರುವುದು ಕಷ್ಟ, ಉಳಿದಿರುವುದನ್ನು ಹಿಡಿದು ನಿಲ್ಲಿಸಲು ನೋಡೋಣ ಎಂದರು. ಬಲಗಣ್ಣು ಮಬ್ಬಾಗಿದ್ದರೂ ಅಷ್ಟು ಕೆಟ್ಟಿಲ್ಲ, ಮಾತ್ರೆ ನಿಲ್ಲಿಸಬೇಡಿ ಎಂದರು. ಈಗ ಬಸ್ಸು ಹತ್ತಿ ನಾನು ಫೋನು ಮಾಡುವ ಮೊದಲೇ ಅವಳೇ ಮಾಡುತ್ತಾಳೆ. ಬಲಗಣ್ಣಲ್ಲಿ ನೆಟ್ಟಗೆ, ಎಡಗಣ್ಣಲ್ಲಿ ಸೊಟ್ಟಗೆ ಎಂದು ಎರಡನ್ನೂ ಹೇಳುತ್ತಾಳೆ. ಹಿಂದಿನಿಂದ ಹೆಂಗಸರ ಮಾತು ಕೇಳಿಸುತ್ತದೆ.

ಹೋದ ವಾರ ಮತ್ತೆ ಆರ್ಡರ್ ಮಾಡಿದೆ. ಮಂಡಿಯದು, ಮೂಳೆಯದು, ಕೂದಲಿನದು, ಹಿತ್ತಿಲಿನಲ್ಲಿ ಬೆಳೆಯುವ ಅರಿಸಿನದ್ದೂ, ಅಕ್ಕನ ಕಣ್ಣಿನದೂ, ಎಲ್ಲ ಒಂದೇ ಡಬ್ಬದಲ್ಲಿ. ಡಬ್ಬ ಮತ್ತೆ ಅಲ್ಲೇ ನಿಂತಿತು. ಈ ಸಲ ಆ ಹುಡುಗಿಯೇ ಫೋನು ಮಾಡಿದಳು. ದನಿ ಗುರುತು ಸಿಕ್ಕಿತು. ಅವಳಿಗೂ ಸಿಕ್ಕಿರಬೇಕು.

"ಸರ್, ಈ ಸಲಾನೂ ಇಷ್ಟೂ ಬಾಟ್ಲಿ ನಿಮ್ಮೊಬ್ರಿಗೇನಾ?"

"ನನಗಲ್ಲ ಕಣಮ್ಮ. ಅಷ್ಟೂ ನಮ್ಮಕ್ಕನಿಗೆ" ಅಂದೆ.

ತೆರಿಗೆ ಎಷ್ಟಾಗುತ್ತದೋ ಹೇಳಿ, ಇವತ್ತೇ ಕಟ್ಟುತ್ತೇನೆ, ಡಬ್ಬವನ್ನು ಮಾತ್ರ ಬೇಗ ಬಿಡಿಸಿ ಎಂದು ಕೇಳಿಕೊಂಡೆ.