ಎಡೆಯ ಪಕ್ಕ ಇಟ್ಟ ತಗಡಿನ ವಿಮಾನ

ಹೋದ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮ ಯಜಮಾನರು ತೀರಿಕೊಂಡರು. ನಮ್ಮದು ಹುಣಸೂರು ತಾಲ್ಲೂಕು, ಗುರುಪುರದ ಹತ್ತಿರದ ಹಳ್ಳಿ. ಅವರನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿ, ಐದನೇ ದಿನ ಹಾಲು ತುಪ್ಪ ಬಿಟ್ಟೆವು. ಅವತ್ತು ನಡೆದದ್ದು ಇದು.

ಅವರಿಗೆ ವಿಮಾನದ ಹುಚ್ಚು. ಒಂದು ದಿನವೂ ಹತ್ತಿದವರಲ್ಲ. ಆಕಾಶದಲ್ಲಿ ಸದ್ದಾದರೆ ಸಾಕು, ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ಹಾಕುತ್ತಿದ್ದವರು ಬಿಟ್ಟು ಹೊರಗೆ ಓಡಿಬರುತ್ತಿದ್ದರು. ಒಂದು ಸಲ ಹಾಗೆ ಓಡಿ, ಉರಿ ಇಳಿದು, ಒಂದು ಬ್ಯಾರನ್ ಸೊಪ್ಪೇ ಕೆಟ್ಟಿತು. ನಾನು ಬೈದದ್ದು ಊರಿಗೆಲ್ಲ ಕೇಳಿಸಿತು. ಮೊಮ್ಮಗಳು ಚೈತ್ರ ಹುಟ್ಟಿದ ಮೇಲೆ ಅವರಿಗೊಂದು ಜೊತೆ ಸಿಕ್ಕಿತು. ಅವಳನ್ನು ಬಸ್ಸಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ, ವಿಮಾನ ನಿಲ್ದಾಣದ ಬೇಲಿ ಹೊರಗೆ ಹೆಗಲ ಮೇಲೆ ಕೂರಿಸಿಕೊಂಡು, ಒಂದಾದರೂ ಇಳಿಯುವ ತನಕ ನಿಲ್ಲುತ್ತಿದ್ದರು. ಬ್ಯಾರನ್ನಿನ ತೂತು ಬಿದ್ದ ಕೊಳವೆಯ ತಗಡು ಕತ್ತರಿಸಿ ಅವಳಿಗೆ ಮೊಳ ಉದ್ದದ ವಿಮಾನ ಮಾಡಿಕೊಟ್ಟಿದ್ದರು. ಗಾಳಿ ಬಂದರೆ ಅದರ ಮೂತಿಯ ಫ್ಯಾನು ಗಿರಗಿರ ತಿರುಗುತ್ತಿತ್ತು.

ಸತ್ತವರಿಗೆ ಇಷ್ಟವಾದದ್ದನ್ನು ಮಣ್ಣು ಮಾಡಿದ ಗುಡ್ಡೆಯ ಮುಂದೆ ಎಡೆ ಇಡುವುದು ನಮ್ಮ ಪದ್ಧತಿ. ಕಾಗೆ ಮುಟ್ಟಿದರೆ ಅವರಿಗೆ ತೃಪ್ತಿಯಾಯಿತು ಅಂತ. ಅಲ್ಲಿಯ ತನಕ ಯಾರೂ ಉಣ್ಣುವಂತಿಲ್ಲ. ಮುದ್ದೆ, ಸಾರು, ವಡೆ, ಬೀಡಿ ಎಲ್ಲ ಇಟ್ಟೆವು. ಚೈತ್ರ ವಿಮಾನ ಹಿಡಿದುಕೊಂಡು ಬಂದಳು.

"ಅಜ್ಜಿ, ತಾತಂಗೆ ಇದೂ ಇಷ್ಟ ಅಲ್ವಾ?"

"ಮಡಗವ್ವ" ಅಂದೆ.

ಬಿಸಿಲೇರಿತು. ಹೊಂಗೆ ಮರದಿಂದ ಕಾಗೆ ಇಳಿಯುವುದು, ಫ್ಯಾನು ತಿರುಗಿದೊಡನೆ ಹಾರಿಹೋಗುವುದು. ಹೀಗೇ ನಾಲ್ಕು ಸಲ ಆಯಿತು. ಹಿಂದಿನಿಂದ ಯಾರೋ, "ಮುದ್ದೆ ಕಲ್ಲಾಯ್ತು ಕಣ್ರಪ್ಪೋ" ಅಂದರು. ಯಜಮಾನರ ತಮ್ಮ ಎದ್ದು ಬಂದ.

"ಅತ್ಗೆ, ಆ ತಗಡು ತಗೀರಿ. ಎದ್ರಕಂಡು ಕಾಗೆ ಬತ್ತಾ ಇಲ್ಲ. ನಮ್ಮಣ್ಣ ಅಸ್ಕಂಡವ್ನೆ."

"ಇಮಾನ ನೋಡ್ಕಂಡು ನಿಮ್ಮಣ್ಣ ಎಷ್ಟ್ ದಿನ ಊಟ ಮರ್ತವ್ರೆ. ಇವತ್ತೇನು ಒಸದಾ?"

"ಅಟ ಮಾಡ್ಬ್ಯಾಡ ಕಣಕ್ಕ, ಅವ್ರಿಗೆ ಶಾಂತಿ ಸಿಗಕಿಲ್ಲ" ಅಂದಳು ಪಕ್ಕದ ಮನೆಯವಳು.

ಮೈದುನ ಬಗ್ಗಿ ವಿಮಾನಕ್ಕೆ ಕೈ ಹಾಕಿದ. ಚೈತ್ರ ಅದನ್ನು ತಬ್ಬಿಕೊಂಡು ಕಿರುಚಿದಳು. ನಾನು ನಡುವೆ ಹೋಗಿ ನಿಂತೆ.

"ಮುಟ್ಟಿ ನೋಡು ಮತ್ತೆ! ಇಮಾನ ಇಮಾನ ಅಂತ್ಲೇ ಸತ್ತ ಮನ್ಸ, ಕಾಗೆಯಾಗಿ ಯಾಕಪ್ಪ ಬಂದಾರು?"

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ನಾನು ಎಡೆಯ ಮುಂದೆ ಕೂತು, ಮುದ್ದೆ ಮುರಿದು ಸಾರಿಗೆ ಅದ್ದಿ ಚೈತ್ರಳ ಬಾಯಿಗಿಟ್ಟೆ. ಇನ್ನೊಂದು ತುತ್ತು ನಾನು ನುಂಗಿದೆ. ಹೆಂಗಸರು "ಅಯ್ಯಯ್ಯಪ್ಪ" ಅಂದರು. ಆಮೇಲೆ ಒಬ್ಬೊಬ್ಬರೇ ಎಲೆ ಮುಂದೆ ಕೂತರು. ಮೈದುನ ಉಣ್ಣದೆ ಎದ್ದು ಹೋದ. ಕಾಗೆ ಸಾಯಂಕಾಲದವರೆಗೂ ಬರಲಿಲ್ಲ. ನಾನೂ ಕಾಯಲಿಲ್ಲ.

ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ ಅವನು ಮುಖ ತಿರುಗಿಸುತ್ತಾನೆ. ನಮ್ಮಣ್ಣ ಉಪವಾಸ ಹೋದ ಅಂತ ಕಂಡವರಿಗೆಲ್ಲ ಹೇಳುತ್ತಾನಂತೆ. ಹೇಳಿಕೊಳ್ಳಲಿ. ಐವತ್ತು ವರ್ಷ ಅವರಿಗೆ ಮುದ್ದೆ ಬಡಿಸಿದವಳು ನಾನು. ಅವರಿಗೆ ಏನು ಬೇಕಿತ್ತು ಅಂತ ಕಾಗೆ ಬಂದು ನನಗೆ ಹೇಳಬೇಕಾಗಿಲ್ಲ.