ಟೊಪಗಿಯೊಳಗಿನ ಮನೆ ಮತ್ತು ನೀಲಮ್ಮ ಮೇಡಂ

ಕಣ್ಣಿಗೆ ವಿಆರ್ ಪೆಟ್ಟಿಗೆ ಕಟ್ಟಿಕೊಂಡ ನೀಲಮ್ಮ ಮೇಡಂ ಮಾಡಿದ ಮೊದಲ ಕೆಲಸವೆಂದರೆ ಕಾಲಿನ ಚಪ್ಪಲಿ ಕಳಚಿದ್ದು. ಪೆಟ್ಟಿಗೆಯೊಳಗೆ ತಮಗೆ ಮಾತ್ರ ಕಾಣುತ್ತಿದ್ದ ಮನೆಯ ಹೊಸ್ತಿಲ ಮುಂದೆ ನಿಂತು, "ಯಾರದೀರಿ ಒಳಗ?" ಎಂದು ಕೂಗಿದರು. ಯಂತ್ರ ಜೋಡಿಸಲು ಬಂದಿದ್ದ ತಂತ್ರಜ್ಞರು, "ಸೀದಾ ಒಳಗೆ ಹೋಗಬಹುದು ಮೇಡಂ" ಎಂದರು. "'ಬರ್ರಿ' ಅಂತ ಅನ್ನದ ಮನಿಯೊಳಗ ಹೆಂಗ ಹೋಗೂದ್ರಿ?" ಎಂದು ಮೇಡಂ ಅಲ್ಲೇ ನಿಂತುಬಿಟ್ಟರು. ನಾವು ವಿದ್ಯಾರ್ಥಿನಿಯರು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕೆವು.

ಹಾವೇರಿಯ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಅವರದು ಮನೆಭೇಟಿಯ ಪಾಠ. ಬಾಣಂತಿಯರನ್ನು, ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡುವುದನ್ನು ಕಲಿಸುತ್ತಿದ್ದರು. ಅವರ ಊರು ರಾಣೇಬೆನ್ನೂರಿನ ಕಡೆಯ ಐರಣಿ. ವಯಸ್ಸೆಲ್ಲ ಹಳ್ಳಿಗಳಲ್ಲಿ ನರ್ಸಬಾಯಿಯಾಗಿ ತಿರುಗಿ, ನಿವೃತ್ತಿಗೆ ಕೆಲವೇ ವರ್ಷಗಳಿರುವಾಗ ಕಾಲೇಜಿಗೆ ಬಂದಿದ್ದರು. ಹೆಗಲಲ್ಲಿ ಸದಾ ಒಂದು ಚೀಲ, ಅದರಲ್ಲಿ ಕೂಸು ತೂಗುವ ತಕ್ಕಡಿ. ನಡಿಗೆ ಎಷ್ಟು ಬಿರುಸೆಂದರೆ ನಾವು ಅವರ ಹಿಂದೆ ಓಡಬೇಕಾಗುತ್ತಿತ್ತು.

ಅವರು ಯಂತ್ರದ ವಿರೋಧಿ ಎಂದು ಯಾರೂ ತಿಳಿಯಬಾರದು. ಆ ಪೆಟ್ಟಿಗೆಗೆ ಟೋಪಿ ಎಂಬರ್ಥದ 'ಟೊಪಗಿ' ಎಂದು ಹೆಸರಿಟ್ಟು ಶನಿವಾರ ಮಧ್ಯಾಹ್ನ ತಾವೇ ಕಟ್ಟಿಕೊಂಡು ಕೂರುತ್ತಿದ್ದರು. "ಟೊಪಗಿಯೊಳಗ ಬೇಕಾದಷ್ಟು ತಪ್ಪು ಮಾಡ್ರಿ. ಯಾರಿಗೂ ನೋವಾಗಂಗಿಲ್ಲ" ಎಂದು ನಮಗೆ ಧೈರ್ಯ ತುಂಬುತ್ತಿದ್ದರು. ಅವರ ತಕರಾರೆಲ್ಲ ಟೊಪಗಿಯ ಮನೆಯಲ್ಲಿದ್ದ ಅಜ್ಜಿಯ ಮೇಲೆ. "ಈ ಅಮ್ಮ ಕೇಳಿದ್ದಕ್ಕಷ್ಟ ಉತ್ತರಾ ಕೊಡತಾಳ. ನಮ್ಮ ಕಡೆ ಅಮ್ಮ ಆದ್ರ, ಮೊದಲ ನಿನ್ನ ಮದುವಿ ಆಗೇತೇನು ಅಂತ ಕೇಳತಾಳ, ಆಮ್ಯಾಲ ತನ್ನ ಮೊಣಕಾಲ ಸುದ್ದಿ ತಗೀತಾಳ" ಎನ್ನುತ್ತಿದ್ದರು.

ಟೊಪಗಿಯ ಪರೀಕ್ಷೆಯಲ್ಲಿ ನಾನೇ ಮುಂದು. ಕೈ ತೊಳೆಯುವ ಹಂತಗಳನ್ನು ಒಂದೂ ಬಿಡದೆ ಮಾಡಿದರೆ ಅಲ್ಲಿ ಹಸಿರು ಗುರುತು ಮೂಡುತ್ತಿತ್ತು. ನನಗೆ ಅದು ಪ್ರತಿ ಸಲ ಮೂಡುತ್ತಿತ್ತು. ಆ ಜಂಬದಲ್ಲೇ ನಾನು ಬ್ಯಾಡಗಿಗೆ ಹೋದೆ.

ಅಲ್ಲಿ ರೇಣುಕಾ ಎಂಬ ಬಾಣಂತಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸು ಹುಟ್ಟುವಾಗಲೇ ಸಣ್ಣದು. ವಾರಕ್ಕೊಮ್ಮೆ ತೂಗಿ ನೋಡಬೇಕು, ತೂಕ ಏರದಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಮೆಣಸಿನಕಾಯಿಯ ಸುಗ್ಗಿ. ರೇಣುಕಾಳ ತಾಯಿ ಫಕ್ಕೀರವ್ವ ಪಡಸಾಲೆಯಲ್ಲಿ ಕೆಂಪು ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಇಂಥ ಮನೆಗಳಲ್ಲಿ ಮೇಡಂ ಪ್ರಶ್ನೆ ಕೇಳುವ ಮೊದಲು ತಾವೂ ಕೂತು ಒಂದು ಬೊಗಸೆ ಕಾಯಿ ಬಿಡಿಸುತ್ತಿದ್ದರು. ಕೈಗೆ ಕೆಲಸವಿದ್ದರೆ ಹೆಂಗಸರು ಮನಸ್ಸು ಬಿಚ್ಚುತ್ತಾರೆ ಎಂಬುದು ಅವರ ಲೆಕ್ಕ. ಆ ದಿನ ಅವರು ಪಕ್ಕದ ಓಣಿಯಲ್ಲಿದ್ದರು. ನಾನೂ ಅವರಂತೆಯೇ ಕೂತು ಬಿಡಿಸಿದೆ. ಬ್ಯಾಡಗಿ ಕಾಯಿ ಬಣ್ಣಕ್ಕೆ, ಖಾರಕ್ಕಲ್ಲ ಎಂದು ಹೇಳಿಕೊಂಡೇ ಬೆಳೆದ ಅಗಡಿಯ ಹುಡುಗಿ ನಾನು. ಟೊಪಗಿ ಕಲಿಸಿದಂತೆ ಸಾಬೂನು ಹಚ್ಚಿ, ಒಂದು ಹಂತವನ್ನೂ ಬಿಡದೆ ಕೈ ತೊಳೆದುಕೊಂಡು, ಕೂಸಿನ ತುಟಿಯಂಚಿನ ಹಾಲನ್ನು ಬೆರಳಿಂದ ಒರೆಸಿದೆ.

ಬೆರಳಲ್ಲಿ ಉಳಿದಿದ್ದ ಖಾರ ತಾಗಿ ಕೂಸು ಮುಖ ಕೆಂಪಗೆ ಮಾಡಿಕೊಂಡು ಚೀರತೊಡಗಿತು. ಫಕ್ಕೀರವ್ವ ಅದನ್ನು ನನ್ನಿಂದ ಕಸಿದುಕೊಂಡಳು. ಓಡಿಬಂದ ಮೇಡಂ, ರೇಣುಕಾಳ ಎದೆಹಾಲಲ್ಲೇ ಹತ್ತಿ ಅದ್ದಿ ತುಟಿ ಒರೆಸಿದರು, ಮೊಲೆಗೆ ಹಚ್ಚಿಸಿದರು. ಸ್ವಲ್ಪ ಹೊತ್ತಿಗೆ ಕೂಸು ಸುಮ್ಮನಾಯಿತು, ಫಕ್ಕೀರವ್ವ ಆಗಲಿಲ್ಲ. "ನಿಮ್ಮ ಹುಡುಗ್ಯಾರು ಕಲಿಯಾಕ ನಮ್ಮ ಕೂಸ ಬೇಕೇನ್ರಿ? ಇನ್ನ ಈ ಮನಿಗೆ ಬರಬ್ಯಾಡ್ರಿ" ಎಂದಳು. ಮೇಡಂ ನನ್ನ ಪರ ವಾದಿಸಲಿಲ್ಲ. "ತಪ್ಪು ನಮ್ಮದೈತಿ" ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡರು.

ಬಸ್ಸಿನಲ್ಲಿ ನಾನು ಅಳುತ್ತಿದ್ದೆ. "ಅಳೂದು ಸಾಕು. ಅಕಿ ಬಾಗಲಾ ಹಾಕಿದ್ದು ನಿನಗಲ್ಲ, ತಕ್ಕಡಿಗೆ. ಮುಂದಿನ ವಾರ ಕೂಸಿನ ತೂಕ ಇಳದ್ರ ಯಾರಿಗೆ ಗೊತ್ತಾಗಬೇಕು?" ಎಂದರು ಮೇಡಂ. ಆ ಮಾತು ಕೇಳಿ ನನ್ನ ಅಳು ನಿಂತು ಹೆದರಿಕೆ ಶುರುವಾಯಿತು.

ಮರುದಿನ ಊಟದ ಬಿಡುವಿನಲ್ಲಿ ನಾನು ಪ್ರಯೋಗಾಲಯದಲ್ಲಿ ಒಬ್ಬಳೇ ಟೊಪಗಿ ಕಟ್ಟಿಕೊಂಡು ಕೂತಿದ್ದೆ. ಅದರೊಳಗಿನ ಮನೆಯ ಕೂಸು ನಗುತ್ತಿತ್ತು. ಬೆನ್ನ ಹಿಂದೆ ಮೇಡಂ ದನಿ ಕೇಳಿಸಿತು: "ಇಲ್ಲಿ ನಿನ್ನ ಮ್ಯಾಲೆ ಯಾರೂ ಸಿಟ್ಟಾಗಂಗಿಲ್ಲ, ಅದಕ್ಕ ಬಂದು ಕುಂತೀದಿ." ತೆಗೆಯಹೋದೆ. "ತಗೀಬ್ಯಾಡ. ಬಾಗಲದಾಗ ನಿಂದ್ರು. ಈಗ ನಾನ ಫಕ್ಕೀರವ್ವ" ಎಂದರು.

ಕಣ್ಣೆದುರು ಟೊಪಗಿಯ ಮನೆ, ಕಿವಿಯಲ್ಲಿ ಮೇಡಂ. "ಯಾಕ ಬಂದಿ?" ಎಂದು ಗದರಿದರು. "ಅಮ್ಮಾ, ನಾನು ಸಾಬಾಣ ಹಚ್ಚಿ ತೊಳಕೊಂಡಿದ್ನಿ, ಆದ್ರ..." ಎಂದೆ. "ಕಾರಣಾ ಬ್ಯಾಡ. ಹೊರಗ ನಡಿ." ಮತ್ತೆ ಹೊಸ್ತಿಲಿಗೆ ಬಂದೆ. ತೂಕ ಏಕೆ ಮುಖ್ಯ ಎಂದು ಪಾಠ ಒಪ್ಪಿಸಿದೆ. "ನಿನ್ನ ಪಾಠ ಯಾರಿಗೆ ಬೇಕ? ನಡಿ ಹೊರಗ." ಎಷ್ಟು ಸಲ ಬೈಸಿಕೊಂಡೆನೋ. ಕೊನೆಗೆ ಸೋತು, "ತಪ್ಪಾತ್ರಿ. ಕೂಸು ಹೆಂಗೈತಿ ಕೇಳಾಕ ಬಂದೇನಿ" ಎಂದೆ. ಅಷ್ಟು ಹೊತ್ತು ಗದರುತ್ತಿದ್ದ ದನಿ ಮೆತ್ತಗಾಯಿತು. "ಹ್ಞಾಂ. ಈಗ ಕುಂದ್ರು ಅನ್ನಾಕ ನನಗೂ ಮನಸ್ಸಾತು ನೋಡು" ಎಂದರು. ನನಗೆ ಆ ಕ್ಷಣ ಅವರ ಮೇಲೆ ಬಂದ ಪ್ರೀತಿಯನ್ನು ಹೇಗೆ ಹೇಳಲಿ, ಟೊಪಗಿಯೊಳಗೇ ಅತ್ತುಬಿಟ್ಟೆ.

ತೂಕದ ದಿನ ಬಂತು. ಅದು ಮೇಡಂ ನಿವೃತ್ತರಾಗುವ ವಾರವೂ ಹೌದು. ಬ್ಯಾಡಗಿಯಲ್ಲಿ ಇಳಿದು ಓಣಿಯ ತುದಿಯ ಚಹಾದಂಗಡಿಯ ಬೆಂಚಿನ ಮೇಲೆ ಕೂತು ತಕ್ಕಡಿಯ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. "ನೀವೂ ಬರ್ರಿ" ಎಂದೆ. "ನಾ ಬಂದ್ರ ನನಗ ಬಾಗಲಾ ತಗೀತಾಳ. ಮುಂದಿನ ವಾರ ನಾ ಇರಂಗಿಲ್ಲ, ಆವಾಗೇನ ಮಾಡತಿ?" ಎಂದರು.

ಕಿಟಕಿಯಿಂದ ನನ್ನನ್ನು ಕಂಡಿದ್ದಳೇನೋ, ಫಕ್ಕೀರವ್ವ ಅರ್ಧ ಕದ ತೆರೆದು ನಿಂತಳು. ಕಲಿತ ಮಾತು ಹೇಳಿದೆ. ಆಕೆ ಬೈದರೆ ಏನು ಮಾಡಬೇಕೆಂದು ಗೊತ್ತಿತ್ತು. ಆದರೆ ಆಕೆ ಬೈಯಲಿಲ್ಲ, ತಿರುಗಿ ಒಳಗೆ ಹೋದಳು. ಒಂದು ಎಣ್ಣೆ ಬಟ್ಟಲು ತಂದು ಹೊಸ್ತಿಲ ಮೇಲಿಟ್ಟಳು. "ಮೊದಲ ಎಣ್ಣಿ ಹಚ್ಚಿ ತಿಕ್ಕು, ಆಮ್ಯಾಲ ಸಾಬಾಣ. ಬರೇ ಸಾಬಾಣಕ್ಕ ಖಾರ ಹೋಗಂಗಿಲ್ಲವಾ. ಇಷ್ಟೂ ಹೇಳಲಿಲ್ಲೇನ ನಿಮ್ಮ ಕಾಲೇಜಿನ್ಯಾಗ?" ಎಂದಳು. ಈ ಸಲ ನಾನು ಕಾಯಿ ಮುಟ್ಟಿರಲೇ ಇಲ್ಲ. ಆದರೂ ಆಕೆ ಹೇಳಿದಂತೆ ತಿಕ್ಕಿ ತಿಕ್ಕಿ ತೊಳೆದೆ. ಮೇಡಂಗೆ ಇದು ಗೊತ್ತಿರದ ಸಂಗತಿಯಲ್ಲ. ಕಲಿಸುವ ಅವಕಾಶವನ್ನು ಫಕ್ಕೀರವ್ವನಿಗೇ ಬಿಟ್ಟಿದ್ದರೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಆಕೆ ತಾನೇ ಕೂಸನ್ನು ತಂದು ನನ್ನ ಕೈಗಿಟ್ಟಳು. ತೂಗಿದೆ. ನಂಬಿಕೆಯಾಗದೆ ಇನ್ನೊಮ್ಮೆ ತೂಗಿದೆ. ಇನ್ನೂರು ಗ್ರಾಂ ಏರಿತ್ತು.

ಹೇಳಲು ಓಣಿಯ ತುದಿಗೆ ಓಡಿದೆ. ಬೆಂಚು ಖಾಲಿ. ಚಹಾದಂಗಡಿಯವರು ಲೋಟ ತೊಳೆಯುತ್ತಾ, "ನಿಮ್ಮ ಮೇಡಮ್ಮಾರೇನ್ರಿ? ನೀವು ಒಳಗ ಹೋದದ್ದ ನೋಡಿ ಎದ್ರು. ರಾಣೇಬೆನ್ನೂರ ಬಸ್ಸ ಹತ್ತಿದ್ರು" ಎಂದರು. ಕೂಸಿನ ತೂಕವನ್ನು ಯಾರಿಗಾದರೂ ಹೇಳಲೇಬೇಕಾಗಿತ್ತು. "ಇನ್ನೂರು ಗ್ರಾಂ ಹೆಚ್ಚಾಗೇತ್ರಿ" ಎಂದೆ. ಯಾರ ಕೂಸು, ಏನು ಕತೆ ಒಂದೂ ತಿಳಿಯದ ಅವರು ಲೋಟ ಕೆಳಗಿಟ್ಟು, "ಛಲೋ ಆತು ಬಿಡ್ರಿ" ಎಂದರು.